ಚೆಟ್ಟಳ್ಳಿಗೆ ಎಷ್ಟು ಅಕ್ಷರ?

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಚೆಟ್ಟಳ್ಳಿ, ಕಾಫಿ ಸಂಶೋಧನಾ ಉಪಕೇಂದ್ರದಿಂದಾಗಿ ಬೆಳೆಗಾರರಿಗೆ ಪರಿಚಿತವಾದ ಊರು. ಈ ಹೆಸರಿನಲ್ಲಿ ಅಕ್ಷರ ಎಷ್ಟು? ಚೆ, ಟ್ಟ, ಳ್ಳಿ - ಮೂರು ಎಂದು ಶಾಲೆಯ ಮಗು ಹೇಳೀತು. ಆದರೆ ‘ಗೋ’ ಎಂಬ ಗಣಕಭಾಷೆಯಲ್ಲಿ ಇದರ ಉದ್ದ ಅಳೆದರೆ 27 ಬರುತ್ತದೆ. ಸಂಕೇತಗಳನ್ನು ಎಣಿಸಿದರೆ 9. ಮೂರೂ ಉತ್ತರಗಳು ಸರಿ. ಅದು ಹೇಗೆ?

ಭಾರತೀಯ ಲಿಪಿಗಳಿಗಾಗಿ 1988ರಲ್ಲಿ ರೂಪುಗೊಂಡ ‘ಇಸ್ಕಿ’ ಸಂಕೇತ ಪದ್ಧತಿ ಕಾಗುಣಿತವನ್ನು ಬಿಡಿಸಿಟ್ಟಿತು. 1991ರ ಯೂನಿಕೋಡ್ ಕೂಡ ಕನ್ನಡಕ್ಕೆ ಅದೇ ಕ್ರಮವನ್ನು ಅನುಸರಿಸಿತು. ಅದರಂತೆ ಚ ಒಂದು, ಎತ್ವ ಇನ್ನೊಂದು, ಒತ್ತಕ್ಷರವೆಂದರೆ ಎರಡು ವ್ಯಂಜನ, ನಡುವೆ ಹಲಂತ, ಕೊನೆಯಲ್ಲಿ ಗುಡಿಸು. ಒಟ್ಟು ಒಂಬತ್ತು. 1992ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್, ಸಹೋದ್ಯೋಗಿ ರಾಬ್ ಪೈಕ್ ಜೊತೆ ಊಟಕ್ಕೆ ಕುಳಿತಾಗ ಮೇಜಿನ ಮೇಲೆ ಹಾಸಿದ್ದ ಕಾಗದದಲ್ಲೇ ‘ಯುಟಿಎಫ್-8’ ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಒಂಬತ್ತು ಮೂರಲ ಇಪ್ಪತ್ತೇಳು!

ಇದೇ ಇಬ್ಬರು ರಾಬರ್ಟ್ ಗ್ರೀಸೆಮರ್ ಅವರೊಡನೆ 2007ರಲ್ಲಿ ಗೂಗಲ್ ಸಂಸ್ಥೆಯಲ್ಲಿ ‘ಗೋ’ ಭಾಷೆಯ ಕೆಲಸಕ್ಕೆ ತೊಡಗಿದರು. 2009ರಲ್ಲಿ ಅದು ಸಾರ್ವಜನಿಕವಾಯಿತು. 2012ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂತು. ಕಲಿಯುವವರಿಗೆ ಸಲಕರಣೆಗಳ ಕೊರತೆಯಿಲ್ಲ. ಅಂತರಜಾಲದಲ್ಲಿ ‘ಎ ಟೂರ್ ಆಫ್ ಗೋ’ ಎಂಬ ಉಚಿತ ಪಾಠಮಾಲೆಯಿದೆ. ‘ಪ್ಲೇಗ್ರೌಂಡ್’ ಎಂಬ ಪುಟದಲ್ಲಿ, ಗಣಕದಲ್ಲಿ ಏನನ್ನೂ ಸ್ಥಾಪಿಸದೆಯೇ, ಬರೆದುದನ್ನು ಕೂಡಲೇ ನಡೆಸಿ ನೋಡಬಹುದು. ಡೊನೊವನ್ ಮತ್ತು ಕರ್ನಿಘನ್ ಅವರ 2015ರ ಪುಸ್ತಕ ಆಳವಾಗಿ ಕಲಿಯುವವರಿಗೆ ಆಸರೆ. ಪಾಠಮಾಲೆಯ ಮೊದಲ ಪಾಠದಲ್ಲೇ ಲೋಕಕ್ಕೆ ನಮಸ್ಕಾರ ಹೇಳುವ ಸಾಲಿನಲ್ಲಿ ಚೀನೀ ಲಿಪಿ ಕಾಣುತ್ತದೆ. ಅಲ್ಲಿ ‘ಚೆಟ್ಟಳ್ಳಿ’ ಎಂದು ಬರೆದರೂ ಅದು ತಪ್ಪಿಲ್ಲದೆ ಮೂಡುತ್ತದೆ.

ತೊಡಕಿರುವುದು ಹೆಸರಿಡುವಲ್ಲಿ. ಲೆಕ್ಕವನ್ನು ಹಿಡಿದಿಡುವ ಚರಾಂಶಕ್ಕೆ ‘ಮರ’ ಎಂದೋ ‘ಜನ’ ಎಂದೋ ಹೆಸರಿಟ್ಟರೆ ಗೋ ಒಪ್ಪುತ್ತದೆ. ‘ಕಾಫಿ’ ಎಂದರೆ ಒಪ್ಪದು; ‘ಕೊಡಗು’ ಎಂದರೂ ಇಲ್ಲ; ‘ಕನ್ನಡ’ ಎಂಬ ಹೆಸರೇ ಅಲ್ಲಿ ಸಲ್ಲದು! ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಇರಬೇಕೆಂಬುದು ಗೋ ನಿಯಮ. ಕಾಗುಣಿತದ ಚಿಹ್ನೆ, ಹಲಂತಗಳನ್ನು ಯೂನಿಕೋಡ್ ಅಕ್ಷರಗಳ ವರ್ಗಕ್ಕೆ ಸೇರಿಸಿಲ್ಲ. ನಿಯಮ ಸರಳವಾಗಿರಲೆಂದು ಇಂಥ ಚಿಹ್ನೆಗಳನ್ನು ಉದ್ದೇಶಪೂರ್ವಕವಾಗಿಯೇ ಬಿಡಲಾಗಿದೆ, ಇದರಿಂದ ದೇವನಾಗರಿಯಂಥ ಲಿಪಿಗಳು ಹೊರಗುಳಿಯುತ್ತವೆ ಎಂದು ಗೋ ತಂಡವೇ ತನ್ನ ಪ್ರಶ್ನೋತ್ತರದಲ್ಲಿ ಒಪ್ಪಿಕೊಂಡಿದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಈ ಅಡ್ಡಿಯಿಲ್ಲ.

ಹೆಚ್ಚಿನವರು ಇಂಗ್ಲಿಷಿನಲ್ಲೇ ಹೆಸರಿಡುವುದರಿಂದ ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ತಾನು ಬಲ್ಲ ಮಾತಿನಲ್ಲೇ ಮೊದಲ ಲೆಕ್ಕ ಬರೆಯಹೊರಟ ಹುಡುಗಿಗೆ ಹಾಗೆನಿಸದು. ಎಲ್ಲ ಲಿಪಿಗಳಿಗೂ ಗಣಕದಲ್ಲಿ ಜಾಗ ಮಾಡಿಕೊಟ್ಟವರೇ ಕಟ್ಟಿದ ಭಾಷೆಯಲ್ಲಿ ‘ಮರ’ಕ್ಕೆ ಎಡೆಯಿದೆ, ಕಾಫಿ ತೋಟಗಳ ನಡುವಿನ ‘ಚೆಟ್ಟಳ್ಳಿ’ಗೆ ಇನ್ನೂ ಇಲ್ಲ.