ಕಿರುವಿಡಿಯೊ: ಯಾರ ಅಂಗಳದಲ್ಲಿ ಆಟ?

ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ ಬಂತೆಂದರೆ ತುಳುನಾಡಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಗೆಜ್ಜೆ ಬಿಚ್ಚಿಟ್ಟ ಕಲಾವಿದ ಮುಂದಿನ ವರ್ಷವೂ ಇದೇ ಮೇಳದಲ್ಲಿ ಉಳಿಯಬೇಕೇ, ಬೇರೆ ಮೇಳ ಸೇರಬೇಕೇ ಎಂದು ಯೋಚಿಸುವ ಕಾಲ ಅದು. ಸಂಬಳ ಎಷ್ಟು, ಯಾವ ವೇಷ ಸಿಗುತ್ತದೆ, ಎಷ್ಟು ಆಟಗಳಿವೆ ಎಂಬ ಲೆಕ್ಕಾಚಾರ ನಡೆಯುತ್ತದೆ. ಆತ ಯಾವ ಮೇಳಕ್ಕೆ ಹೋದರೂ ಗಳಿಸಿದ ಹೆಸರು ಜೊತೆಯಲ್ಲೇ ಹೋಗುತ್ತದೆ. ಮೆಚ್ಚಿದವರು ಹೊಸ ಮೇಳದ ಆಟಕ್ಕೂ ಬಂದು ಕೂರುತ್ತಾರೆ.

ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿ ಹೆಸರು ಗಳಿಸಲು ಹೊರಟ ಇಂದಿನ ಯುವಜನರ ಮುಂದೆಯೂ ಇಂಥದೇ ಆಯ್ಕೆಯಿದೆ. ಇನ್‌ಸ್ಟಾಗ್ರಾಂನ ರೀಲ್ಸೋ, ಯೂಟ್ಯೂಬ್‌ನ ಶಾರ್ಟ್ಸೋ, ಬೆಂಗಳೂರಿನಲ್ಲೇ ಹುಟ್ಟಿದ ಆ್ಯಪ್‌ಗಳೋ? ಆದರೆ ಇಲ್ಲೊಂದು ವ್ಯತ್ಯಾಸವಿದೆ. ಈ ಮೇಳ ಬಿಟ್ಟು ಹೊರಟವರ ಹಿಂದೆ ಪ್ರೇಕ್ಷಕರು ಬರುವ ಭರವಸೆಯಿಲ್ಲ. ಲಕ್ಷ ಲಕ್ಷ ಫಾಲೋವರ್‌ಗಳ ಪಟ್ಟಿ ಇರುವುದು ಕಂಪನಿಯ ಕೈಯಲ್ಲಿ. ಹಾಗಾಗಿ ಯಾವ ವೇದಿಕೆ ದೊಡ್ಡದು ಎಂದು ಕೇಳಿದರಷ್ಟೇ ಸಾಲದು, ಆ ವೇದಿಕೆ ನಾಳೆ ಇಲ್ಲವಾದರೆ ಕೈಯಲ್ಲಿ ಉಳಿಯುವುದೇನು ಎಂದೂ ಕೇಳಬೇಕು. 2013ರಿಂದ ಈಚೆಗಿನ ಕಿರುವಿಡಿಯೊ ಚರಿತ್ರೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದೆ.

ಆರು ಸೆಕೆಂಡಿನ ವೈಭವ

ಅಮೆರಿಕದಲ್ಲಿ ಡಾಮ್ ಹಾಫ್‌ಮನ್, ರಸ್ ಯುಸುಪೊವ್ ಮತ್ತು ಕಾಲಿನ್ ಕ್ರೋಲ್ ಎಂಬ ಮೂವರು 2012ರಲ್ಲಿ ‘ವೈನ್’ ಎಂಬ ಆ್ಯಪ್ ಕಟ್ಟಿದರು. ಅದು ಜನರ ಕೈಸೇರುವ ಮೊದಲೇ ಟ್ವಿಟರ್ ಕಂಪನಿ ಅದನ್ನು ಕೊಂಡುಕೊಂಡು, 2013ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ವಿಡಿಯೊದ ಉದ್ದ ಬರೀ ಆರು ಸೆಕೆಂಡು. ಅಷ್ಟರಲ್ಲೇ ನಗಿಸಬೇಕು, ಬೆರಗು ಹುಟ್ಟಿಸಬೇಕು. ಈ ಕಟ್ಟುಪಾಡಿನಿಂದಲೇ ಹೊಸದೊಂದು ಹಾಸ್ಯದ ಬಗೆ ಹುಟ್ಟಿಕೊಂಡಿತು. ಗಾಯಕ ಶಾನ್ ಮೆಂಡಿಸ್ ಮೊದಲು ಜನರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ.

ಅದೇ ವರ್ಷ ಜೂನ್‌ನಲ್ಲಿ ಇನ್‌ಸ್ಟಾಗ್ರಾಂ 15 ಸೆಕೆಂಡಿನ ವಿಡಿಯೊಗೆ ಅವಕಾಶ ಕೊಟ್ಟಿತು. ವೈನ್‌ನಲ್ಲಿ ಹೆಸರಾದವರಿಗೆ ಇನ್ನೊಂದು ಬಾಗಿಲು ತೆರೆಯಿತು. ವೈನ್ ತನ್ನ ಕಲಾವಿದರಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುತ್ತಿರಲಿಲ್ಲ. ಆಗ ವರದಿಯಾದಂತೆ, 2015ರ ಕೊನೆಯ ಹೊತ್ತಿಗೆ ಹದಿನೆಂಟು ಮಂದಿ ಪ್ರಮುಖ ಕಲಾವಿದರು ಒಟ್ಟಾಗಿ ಕಂಪನಿಯ ಮುಂದೆ ಬೇಡಿಕೆಯಿಟ್ಟರು: ತಲಾ 12 ಲಕ್ಷ ಡಾಲರ್ ಕೊಟ್ಟರೆ ನಿಯಮಿತವಾಗಿ ವಿಡಿಯೊ ಮಾಡಿಕೊಡುತ್ತೇವೆ, ಇಲ್ಲವಾದರೆ ಹೊರಡುತ್ತೇವೆ. ಒಪ್ಪಂದ ಕುದುರಲಿಲ್ಲ. ದೊಡ್ಡ ಹೆಸರಿನವರು ಒಬ್ಬೊಬ್ಬರಾಗಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಕಡೆಗೆ ನಡೆದರು. 2016ರ ಅಕ್ಟೋಬರ್ 27ರಂದು ವೈನ್ ಮುಚ್ಚುವ ಪ್ರಕಟಣೆ ಬಂತು.

ವಿಡಿಯೊಗಳನ್ನು ಇಳಿಸಿಕೊಳ್ಳಲು ಕಂಪನಿ ಕಾಲಾವಕಾಶ ಕೊಟ್ಟಿತು. ನೋಡುಗರ ಬಳಗವನ್ನು ಮಾತ್ರ ಹಾಗೆ ಇಳಿಸಿಕೊಳ್ಳಲು ಬರುವುದಿಲ್ಲ. ಬೇರೆಡೆ ಮೊದಲೇ ಒಂದು ಕಾಲಿಟ್ಟವರು ಬದುಕಿಕೊಂಡರು. ಕಣ್ಕಟ್ಟಿನ ವಿಡಿಯೊಗಳಿಗೆ ಹೆಸರಾದ ಜಾಕ್ ಕಿಂಗ್ ವೈನ್‌ಗೆ ಬರುವ ಮುಂಚೆಯೇ ಯೂಟ್ಯೂಬ್‌ನಲ್ಲಿದ್ದರು. ವೈನ್ ಹೋದ ಮೇಲೆ ಟಿಕ್‌ಟಾಕ್‌ನಲ್ಲೂ ಜನಪ್ರಿಯರಾದರು. ವೈನ್ ಕಟ್ಟಿದ ಹಾಫ್‌ಮನ್ ಅವರೇ 2020ರ ಜನವರಿಯಲ್ಲಿ ‘ಬೈಟ್’ ಎಂಬ ಇನ್ನೊಂದು ಆ್ಯಪ್ ತಂದರು. ಹಳೆಯ ಜನ ಮರಳಲಿಲ್ಲ. ಮರುವರ್ಷವೇ ಅದು ಬೇರೊಂದು ಕಂಪನಿಯ ಪಾಲಾಯಿತು. ಚದುರಿದ ಸಂತೆಯನ್ನು ಕಟ್ಟಿದವನಿಗೂ ಮತ್ತೆ ಸೇರಿಸಲಾಗಲಿಲ್ಲ.

ಹೊಸ ದೇಶ, ಹೊಸ ವಲಸಿಗರು

ವೈನ್ ಸೊರಗುತ್ತಿದ್ದಾಗಲೇ ಚೀನಾದ ಶಾಂಘೈನಲ್ಲಿ ‘ಮ್ಯೂಸಿಕಲಿ’ ಬೆಳೆಯುತ್ತಿತ್ತು. ಅಲೆಕ್ಸ್ ಝು ಮತ್ತು ಲುಯು ಯಾಂಗ್ 2014ರಲ್ಲಿ ಆರಂಭಿಸಿದ ಈ ಆ್ಯಪ್‌ನಲ್ಲಿ ಹಾಡಿಗೆ ತುಟಿ ಆಡಿಸುವುದೇ ಮುಖ್ಯ ಆಟ. ಹೊಸ ವೇದಿಕೆ ಕಟ್ಟುವುದನ್ನು ಝು ಹೊಸ ದೇಶ ಕಟ್ಟುವುದಕ್ಕೆ ಹೋಲಿಸಿದ್ದುಂಟು. ಹಳೆಯ ದೇಶದಲ್ಲಿ ಶ್ರೀಮಂತರ ಸ್ಥಾನ ಗಟ್ಟಿಯಾಗಿರುತ್ತದೆ, ಬಡವನಿಗೆ ಮೇಲೇರಲು ದಾರಿಯಿಲ್ಲ. ಹೊಸ ದೇಶದಲ್ಲಿ ಮೊದಲು ಕೆಲವರನ್ನಾದರೂ ಬೇಗ ಶ್ರೀಮಂತರನ್ನಾಗಿಸಿದರೆ, ಅವರನ್ನು ನೋಡಿ ಉಳಿದವರು ವಲಸೆ ಬರುತ್ತಾರೆ ಎಂಬುದು ಅವರ ತರ್ಕ. ಹೊಸ ಆ್ಯಪ್‌ನಲ್ಲಿ ಹೊಸಬರಿಗೆ ಆರಂಭದಲ್ಲಿ ಧಾರಾಳವಾಗಿ ವೀಕ್ಷಣೆ ಸಿಗುವುದರ ಹಿಂದೆ ಇಂಥ ಲೆಕ್ಕಾಚಾರವಿದೆ. ಆ ಔದಾರ್ಯ ಕೊನೆತನಕ ಇರುವುದಲ್ಲ.

ಬೈಟ್‌ಡ್ಯಾನ್ಸ್ ಎಂಬ ಚೀನೀ ಕಂಪನಿ 2017ರ ನವೆಂಬರ್‌ನಲ್ಲಿ ಮ್ಯೂಸಿಕಲಿಯನ್ನು ಕೊಂಡುಕೊಂಡು, 2018ರ ಆಗಸ್ಟ್ 2ರಂದು ತನ್ನ ಟಿಕ್‌ಟಾಕ್‌ನಲ್ಲಿ ವಿಲೀನಗೊಳಿಸಿತು. ಬಳಕೆದಾರರ ಖಾತೆ, ವಿಡಿಯೊ, ಫಾಲೋವರ್‌ಗಳೆಲ್ಲ ತಾವಾಗಿಯೇ ಹೊಸ ಆ್ಯಪ್‌ಗೆ ಬಂದವು. ಅಂದರೆ ನೋಡುಗರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಅಸಾಧ್ಯವೇನಲ್ಲ. ಆದರೆ ಅದನ್ನು ಮಾಡಬಲ್ಲವರು ಮಾಲೀಕರು, ಕಲಾವಿದರಲ್ಲ.

ಟಿಕ್‌ಟಾಕ್ ತಂದ ನಿಜವಾದ ಬದಲಾವಣೆ ಬೇರೆಯೇ. ಅದಕ್ಕೂ ಮುಂಚೆ ಪರಿಚಯದವರು, ಫಾಲೋವರ್‌ಗಳು ಹೆಚ್ಚಿದ್ದವರ ವಿಡಿಯೊ ಹೆಚ್ಚು ಜನರಿಗೆ ತಲುಪುತ್ತಿತ್ತು. ಟಿಕ್‌ಟಾಕ್ ಯಾರು ಮಾಡಿದರು ಎಂಬುದಕ್ಕಿಂತ, ನೋಡಿದವರು ಕೊನೆತನಕ ನೋಡಿದರೇ ಎಂಬುದಕ್ಕೆ ಬೆಲೆ ಕೊಟ್ಟು ಅಪರಿಚಿತರಿಗೂ ವಿಡಿಯೊ ತೋರಿಸಿತು. ಹೊಲದಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ, ಅಡುಗೆಮನೆಯಲ್ಲಿ ವಿಡಿಯೊ ಮಾಡಿದವರಿಗೂ ಪ್ರೇಕ್ಷಕರು ಸಿಕ್ಕರು. ಸಿನಿಮಾ, ಟಿ.ವಿ.ಗಳ ಬಾಗಿಲು ಮುಚ್ಚಿದ್ದವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಒಂದು ರಾತ್ರಿಯ ಪಾಠ

ಮುನ್ಸೂಚನೆ ಇರಲಿಲ್ಲವೆಂದಲ್ಲ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಟಿಕ್‌ಟಾಕ್ ಡೌನ್‌ಲೋಡ್‌ಗೆ ತಡೆ ಹೇರಿ, ಅದೇ ತಿಂಗಳ 24ರಂದು ತೆರವು ಮಾಡಿತ್ತು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ಭಾರತ ಮತ್ತು ಚೀನಾ ಸೈನಿಕರ ನಡುವೆ ಸಂಘರ್ಷ ನಡೆಯಿತು. ಎರಡು ವಾರಗಳ ಬಳಿಕ, ಜೂನ್ 29ರ ರಾತ್ರಿ, ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್‌ಗೆ ಆಗ ಭಾರತದಲ್ಲಿ ಸುಮಾರು 20 ಕೋಟಿ ಬಳಕೆದಾರರಿದ್ದರೆಂದು ಅಂದಾಜು.

ದೇಶದ ಭದ್ರತೆಯ ಹೆಸರಿನಲ್ಲಿ ಕೈಗೊಂಡ ನಿರ್ಧಾರದ ಸರಿ ತಪ್ಪು ಬೇರೆಯೇ ಚರ್ಚೆ. ವಿಡಿಯೊ ಮಾಡುವವರ ಮಟ್ಟಿಗಂತೂ ವರ್ಷಗಟ್ಟಲೆ ಕೂಡಿಸಿದ ಬಳಗ ಬೆಳಗಾಗುವುದರೊಳಗೆ ಕರಗಿತ್ತು. ತಮ್ಮ ಪುಟದಲ್ಲಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಕೊಂಡಿ ಹಾಕಿ ನೋಡುಗರನ್ನು ಆಗಲೇ ಅತ್ತ ಕರೆದೊಯ್ದಿದ್ದವರಿಗೆ ಸೇತುವೆಯೊಂದು ಉಳಿದಿತ್ತು. ಉಳಿದವರು ಸೊನ್ನೆಯಿಂದ ಶುರುಮಾಡಬೇಕಾಯಿತು.

ಖಾಲಿಯಾದ ಜಾಗಕ್ಕೆ ಕೆಲವೇ ದಿನಗಳಲ್ಲಿ ನುಗ್ಗಾಟ ನಡೆಯಿತು. ಬೆಂಗಳೂರಿನ ಶೇರ್‌ಚಾಟ್ ‘ಮೋಜ್’ ತಂದಿತು, ಡೈಲಿಹಂಟ್‌ನ ಮಾತೃಸಂಸ್ಥೆ ‘ಜೋಶ್’ ತಂದಿತು. ಇದೇ ನಗರದ ‘ಚಿಂಗಾರಿ’, ‘ಮಿತ್ರೋಂ’ಗಳೂ ಸುದ್ದಿ ಮಾಡಿದವು. ಕನ್ನಡದಲ್ಲೇ ನೋಡಿ, ಕನ್ನಡದಲ್ಲೇ ಮಾಡಿ ಎನ್ನುವ ಅವಕಾಶ ಈ ಆ್ಯಪ್‌ಗಳ ಬಲವಾಗಿತ್ತು. ಇನ್‌ಸ್ಟಾಗ್ರಾಂ ಜುಲೈ 8ರಂದು ಭಾರತಕ್ಕೆ ರೀಲ್ಸ್ ತಂದಿತು. ಯೂಟ್ಯೂಬ್ ಶಾರ್ಟ್ಸ್‌ನ ಮೊದಲ ಪ್ರಯೋಗಕ್ಕೆ ಸೆಪ್ಟೆಂಬರ್‌ನಲ್ಲಿ ಆರಿಸಿಕೊಂಡದ್ದೂ ಭಾರತವನ್ನೇ. ಕೋಟಿಗಟ್ಟಲೆ ಜನ ಆಗಲೇ ನೆಚ್ಚಿಕೊಂಡಿದ್ದ ಈ ಎರಡು ದೈತ್ಯರ ಮುಂದೆ ದೇಶೀ ಆ್ಯಪ್‌ಗಳ ಆರಂಭದ ಉತ್ಸಾಹ ನಿಲ್ಲಲಿಲ್ಲ. 2023ರ ಜನವರಿಯಲ್ಲಿ ಮೋಜ್‌ನ ಮಾತೃಸಂಸ್ಥೆ ತನ್ನ ನೌಕರರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕೆಲಸದಿಂದ ತೆಗೆಯಿತು.

ಹಣದ ಲೆಕ್ಕ

ಸದ್ಯ ನಮ್ಮಲ್ಲಿ ಮುಖ್ಯ ಪೈಪೋಟಿ ಇರುವುದು ರೀಲ್ಸ್ ಮತ್ತು ಶಾರ್ಟ್ಸ್ ನಡುವೆ. ಎರಡೂ 15 ಸೆಕೆಂಡಿನಿಂದ ಶುರುವಾದವು. ಶಾರ್ಟ್ಸ್ 2024ರ ಅಕ್ಟೋಬರ್‌ನಲ್ಲಿ, ರೀಲ್ಸ್ 2025ರ ಜನವರಿಯಲ್ಲಿ ಮೂರು ನಿಮಿಷಕ್ಕೆ ಹಿಗ್ಗಿದವು. ಆದರೆ ಹಣ ಬರುವ ದಾರಿಯಲ್ಲಿ ಅಂತರವಿದೆ.

ಯೂಟ್ಯೂಬ್ 2023ರ ಫೆಬ್ರುವರಿ 1ರಿಂದ ಶಾರ್ಟ್ಸ್ ಜಾಹೀರಾತಿನ ಹಣ ಹಂಚತೊಡಗಿತು. ಚಾನೆಲ್‌ಗೆ 1,000 ಚಂದಾದಾರರಿರಬೇಕು, ಜೊತೆಗೆ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಅಥವಾ ಉದ್ದ ವಿಡಿಯೊಗಳನ್ನು ಜನ ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಜಾಹೀರಾತಿನ ಹಣವನ್ನು ಒಟ್ಟುಗೂಡಿಸಿ ವೀಕ್ಷಣೆಗೆ ತಕ್ಕಂತೆ ಪಾಲು ಮಾಡುತ್ತಾರೆ. ತನ್ನ ಪಾಲಿಗೆ ಬಂದದ್ದರಲ್ಲಿ ವಿಡಿಯೊ ಮಾಡಿದವರಿಗೆ ಶೇ 45 ಸಿಗುತ್ತದೆ. ಉದ್ದ ವಿಡಿಯೊಗಳಲ್ಲಿ ಇದು ಶೇ 55. ಸಿನಿಮಾ ಹಾಡು ಬಳಸಿದರೆ ಲೆಕ್ಕ ಬದಲಾಗುತ್ತದೆ. ಒಂದು ಹಾಡಿದ್ದರೆ ಆ ವಿಡಿಯೊ ಲೆಕ್ಕದ ಹಣದಲ್ಲಿ ಅರ್ಧ ಸಂಗೀತದ ಹಕ್ಕಿಗೆ ಹೋಗುತ್ತದೆ. ಎರಡಿದ್ದರೆ ಮೂರರಲ್ಲೆರಡು ಪಾಲು. ಹಂಚುವ ನಿಧಿಗೆ ಸೇರುವುದು ಉಳಿದದ್ದು ಮಾತ್ರ. ಹಾಡಿಗೆ ತುಟಿ ಆಡಿಸುವುದರಿಂದ ಜನಪ್ರಿಯತೆ ಬರಬಹುದು. ತನ್ನದೇ ಮಾತು, ಕಸುಬಿನ ವಿಡಿಯೊ ಲೆಕ್ಕದ ಹಣ ಪೂರ್ತಿಯಾಗಿ ಆ ನಿಧಿಗೆ ಸೇರುತ್ತದೆ.

ರೀಲ್ಸ್‌ನ ದಾರಿ ಬೇರೆ. ವೀಕ್ಷಣೆಗೆ ಬೋನಸ್ ಕೊಡುವ ಯೋಜನೆಯನ್ನು ಇನ್‌ಸ್ಟಾಗ್ರಾಂ 2021ರಲ್ಲಿ ಅಮೆರಿಕದಲ್ಲಿ ಆರಂಭಿಸಿ, 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಇಲ್ಲಿ ಆದಾಯದ ಮುಖ್ಯ ಮೂಲ ಸೀರೆ ಅಂಗಡಿ, ಹೋಟೆಲ್, ಸೌಂದರ್ಯ ಸಾಧನದ ಕಂಪನಿಗಳು ನೇರವಾಗಿ ಕೊಡುವ ಪ್ರಚಾರದ ಹಣ. ಉಡುಪು, ಅಡುಗೆ, ಪ್ರವಾಸದಂಥ ವಿಷಯದವರಿಗೆ ಇದು ಹಿಡಿಸುತ್ತದೆ. ಕೃಷಿ, ದುರಸ್ತಿ, ಪಾಠ ಹೇಳುವವರಿಗೆ ಯೂಟ್ಯೂಬ್ ಹೆಚ್ಚು ಅನುಕೂಲ. ಜನ ಅಲ್ಲಿ ಹುಡುಕಿಕೊಂಡು ಬರುತ್ತಾರೆ, ಹಳೆಯ ವಿಡಿಯೊಗೂ ಜೀವವಿರುತ್ತದೆ, ಕಿರುವಿಡಿಯೊ ನೋಡಿದವರನ್ನು ಉದ್ದ ವಿಡಿಯೊಗೆ ಕರೆದೊಯ್ಯಬಹುದು.

ಎರಡರಲ್ಲೂ ಹಾಕಬಹುದಲ್ಲ ಎಂದರೆ, ಹಾಕಬಹುದು. ಆದರೆ ಬೇರೆ ಆ್ಯಪ್‌ನ ಮುದ್ರೆ ಕಾಣುವ ವಿಡಿಯೊಗಳನ್ನು ಕಡಿಮೆ ಜನರಿಗೆ ತೋರಿಸುವುದಾಗಿ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಆದ್ದರಿಂದ ಮುದ್ರೆಯಿಲ್ಲದ ಮೂಲ ಪ್ರತಿ ಕೈಯಲ್ಲಿರಬೇಕು. ಎಲ್ಲ ಕಡೆ ಒಂದೇ ಹೆಸರಿರಬೇಕು. ಪ್ರತಿ ಪುಟದಲ್ಲೂ ಇನ್ನೊಂದರ ವಿಳಾಸವಿರಬೇಕು.

ಇದು ಭಾರತದವರಿಗಷ್ಟೇ ಸಲ್ಲುವ ಎಚ್ಚರಿಕೆಯಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲೇ ಟಿಕ್‌ಟಾಕ್ ಕಾನೂನಿನ ಕಾರಣಕ್ಕೆ ಕೆಲವು ಗಂಟೆ ಸ್ತಬ್ಧವಾಗಿ, ಮತ್ತೆ ಚಾಲೂ ಆಯಿತು. ಅಲ್ಲಿನವರು ಅದಕ್ಕೆ ಮುಂಚಿನ ದಿನಗಳಲ್ಲಿ ನೋಡುಗರಿಗೆ ವಿದಾಯ ಹೇಳುತ್ತ, ತಮ್ಮ ಇತರ ಪುಟಗಳ ವಿಳಾಸ ಕೊಡುತ್ತಿದ್ದರು. 2020ರ ಆ ರಾತ್ರಿ ಭಾರತದವರಿಗೆ ಅಷ್ಟು ಸಮಯವೂ ಸಿಕ್ಕಿರಲಿಲ್ಲ.