ಇಂಗ್ಲಿಷ್ ಪದಾಘಾತ

ಇಂಗ್ಲಿಷ್ ಪದವೊಂದನ್ನು ಉಚ್ಚರಿಸುವಾಗ ಅದರ ಒಂದು ಉಚ್ಚಾರಾಂಶ ಉಳಿದವುಗಳಿಗಿಂತ ಎದ್ದು ಕೇಳಿಸುವುದಕ್ಕೆ ಪದಾಘಾತ ಎಂದು ಹೆಸರು. ತರಗತಿಯ ಮಾತಿನಲ್ಲಿ ಆಘಾತವನ್ನು ಸ್ಟ್ರೆಸ್ ಎಂದೂ ಉಚ್ಚಾರಾಂಶವನ್ನು ಸಿಲಬಲ್ ಎಂದೂ ಕರೆಯುವುದು ರೂಢಿ. 'ಒತ್ತು' ಎಂಬ ಕನ್ನಡ ಪದವೂ ಬಳಕೆಯಲ್ಲಿದೆ. ಆದರೆ ಅದು ಒತ್ತಕ್ಷರಕ್ಕೂ ಸಲ್ಲುವುದರಿಂದ 'ಆಘಾತ' ಎಂಬುದೇ ಹೆಚ್ಚು ಸ್ಪಷ್ಟ. ಇಂಗ್ಲಿಷ್ ಶಿಕ್ಷಕರ ನೇಮಕಾತಿ ಪರೀಕ್ಷೆಗಳ ಸಿದ್ಧತೆಯಲ್ಲಿ ಶಬ್ದಸಂಪತ್ತು ಮತ್ತು ನುಡಿಗಟ್ಟುಗಳ ಜೊತೆಗೆ ಪದಾಘಾತವನ್ನೂ ಅಭ್ಯಾಸ ಮಾಡುತ್ತಾರೆ. ಈ ಮೂರನ್ನೂ ಬೇರೆ ಬೇರೆ ಪಾಠಗಳಾಗಿ ಓದುವ ಪದ್ಧತಿಯಿದ್ದರೂ ಭಾಷೆಯಲ್ಲಿ ಅವು ಒಂದಕ್ಕೊಂದು ಹೆಣೆದುಕೊಂಡಿವೆ. ಪದದ ಅರ್ಥ, ಕಾಗುಣಿತಗಳಂತೆ ಆಘಾತವೂ ಪದದ ಅಂಗವೇ. ಅದನ್ನು ಬಿಟ್ಟು ಕಲಿತ ಪದ ಅರ್ಧ ಕಲಿತ ಪದ.

ಸ್ವರೂಪ

ಆಘಾತವೆಂದರೆ ಗಟ್ಟಿಯಾಗಿ ಹೇಳುವುದು ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಬ್ರಿಟಿಷ್ ಧ್ವನಿವಿಜ್ಞಾನಿ ಡೆನಿಸ್ ಫ್ರೈ 1955 ಮತ್ತು 1958ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧ. ಕೇಳುಗರು ಆಘಾತವನ್ನು ಗುರುತಿಸುವುದು ಮುಖ್ಯವಾಗಿ ದನಿಯ ಸ್ಥಾಯಿಯ ಏರಿಳಿತದಿಂದ, ಅನಂತರ ಉಚ್ಚಾರಣೆಯ ಅವಧಿಯಿಂದ. ಧ್ವನಿಯ ಗಟ್ಟಿತನಕ್ಕೆ ಇವೆರಡರ ನಂತರದ ಸ್ಥಾನ ಎಂದು ಅವು ತೋರಿಸಿದವು. ಇವುಗಳ ಜೊತೆಗೆ ಸ್ವರಾಕ್ಷರದ ಗುಣವೂ ಸೇರುತ್ತದೆ. ಆಘಾತವಿಲ್ಲದ ಉಚ್ಚಾರಾಂಶದ ಸ್ವರ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕುಗ್ಗಿ, ಶ್ವಾ ಎಂಬ ಅಸ್ಪಷ್ಟ, ಹ್ರಸ್ವ ಧ್ವನಿಯಾಗುತ್ತದೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸ್ವರ ಇದೇ. ಆದರೂ ರೋಮನ್ ಲಿಪಿಯಲ್ಲಿ ಇದಕ್ಕೆಂದೇ ಒಂದು ಅಕ್ಷರವಿಲ್ಲ, ಕನ್ನಡ ಲಿಪಿಯಲ್ಲೂ ಇಲ್ಲ.

1886ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ಲಿಪಿಯಲ್ಲಿ, ಆಘಾತ ಬೀಳುವ ಉಚ್ಚಾರಾಂಶ ಶುರುವಾಗುವ ಮೊದಲೇ ಮೇಲ್ಗಡೆ ಒಂದು ಸಣ್ಣ ಲಂಬಗೆರೆ ಹಾಕುತ್ತಾರೆ. ದೀರ್ಘ ಪದಗಳಲ್ಲಿ ಕಾಣುವ ಉಪ ಆಘಾತಕ್ಕೆ ಕೆಳಗಡೆ ಗೆರೆ. ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಇಂಗ್ಲಿಷ್ ಉಚ್ಚಾರಣಾ ನಿಘಂಟು ಮತ್ತು ಅದರ ಮುಂದಿನ ಪರಿಷ್ಕರಣಗಳು ಪದಾಘಾತಕ್ಕೆ ದೀರ್ಘಕಾಲ ಪ್ರಮಾಣಗ್ರಂಥವಾಗಿವೆ. ಈ ಲೇಖನದಲ್ಲೂ ಮುಖ್ಯ ಆಘಾತವನ್ನು ˈ ಗುರುತಿನಿಂದ ತೋರಿಸಿದೆ.

ಆಘಾತದ ನೆಲೆಗಳು

ಇಂಗ್ಲಿಷಿನಲ್ಲಿ ಆಘಾತ ಒಂದೇ ಜಾಗದಲ್ಲಿ ನಿಲ್ಲದಿರುವುದಕ್ಕೆ ಕಾರಣ ಆ ಭಾಷೆಯ ಚರಿತ್ರೆಯಲ್ಲಿದೆ. ಹಳೆಯ ಇಂಗ್ಲಿಷ್ ಜರ್ಮಾನಿಕ್ ಭಾಷೆ. ಅದರಲ್ಲಿ ಆಘಾತ ಸಾಮಾನ್ಯವಾಗಿ ಪದಮೂಲದ ಮೊದಲ ಉಚ್ಚಾರಾಂಶದ ಮೇಲೆ ಬೀಳುತ್ತಿತ್ತು. ˈಮದರ್, ˈವಾಟರ್, ˈಫಾಲೊ ಮುಂತಾದ ಪದಗಳಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. 1066ರ ನಾರ್ಮನ್ ವಿಜಯದ ನಂತರ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ಸಾವಿರಗಟ್ಟಲೆ ಬಂದು ಸೇರಿದವು. ಅವುಗಳೊಂದಿಗೆ ಪದದ ಕೊನೆಯಿಂದ ಎಣಿಸಿ ಆಘಾತ ಹಾಕುವ ಕ್ರಮವೂ ಬಂತು.

ಈ ಎರಡನೆಯ ಕ್ರಮ ಕನ್ನಡ ಛಂದಸ್ಸು ಬಲ್ಲವರಿಗೆ ಬೇಗ ತಿಳಿಯುತ್ತದೆ. ಮೂರು ಅಥವಾ ಹೆಚ್ಚು ಉಚ್ಚಾರಾಂಶಗಳಿರುವ ಅನೇಕ ನಾಮಪದಗಳಲ್ಲಿ, ಕೊನೆಯಿಂದ ಎರಡನೆಯದು ಗುರುವಾದರೆ ಆಘಾತ ಅದರ ಮೇಲೆ. ಲಘುವಾದರೆ ಅದರ ಹಿಂದಿನದರ ಮೇಲೆ. ಅˈಜೆಂಡ ಎಂಬಲ್ಲಿ 'ಜೆಂ' ಗುರು, ಪˈಟೇಟೊ ಎಂಬಲ್ಲಿ 'ಟೇ' ಗುರು. ಆಘಾತ ಅಲ್ಲೇ ನಿಂತಿದೆ. ಅˈಮೆರಿಕ ಎಂಬಲ್ಲಿ 'ರಿ' ಲಘು, ˈಸಿನಿಮ ಎಂಬಲ್ಲಿ 'ನಿ' ಲಘು. ಆಘಾತ ಒಂದು ಹೆಜ್ಜೆ ಹಿಂದೆ ಸರಿದಿದೆ. ಲ್ಯಾಟಿನ್ ವ್ಯಾಕರಣದಿಂದ ಬಂದ ಈ ತತ್ತ್ವವನ್ನು ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ 1968ರ ತಮ್ಮ ಗ್ರಂಥದಲ್ಲಿ ಇಂಗ್ಲಿಷಿಗೆ ಅನ್ವಯಿಸಿ ಸೂತ್ರರೂಪಕ್ಕೆ ತಂದರು. ಇದಕ್ಕೆ ಅಪವಾದಗಳೂ ಉಂಟು: ˈಕ್ಯಾಲೆಂಡರ್, ˈಸಿಲಿಂಡರ್ ಪದಗಳಲ್ಲಿ ನಡುವಿನದು ಗುರುವಾದರೂ ಆಘಾತ ಮೊದಲಿಗಿದೆ.

ಪ್ರತ್ಯಯಗಳು ಆಘಾತವನ್ನು ಮೂರು ಬಗೆಯಲ್ಲಿ ನಡೆಸಿಕೊಳ್ಳುತ್ತವೆ. ಒಂದು, ಆಘಾತವನ್ನು ತಮ್ಮ ಹತ್ತಿರಕ್ಕೆ ಎಳೆಯುವಂಥವು. 'ಇಕ್', 'ಷನ್', 'ಇಟಿ', 'ಇಯನ್' ಬಂದಾಗ ಆಘಾತ ಅವುಗಳ ಹಿಂದಿನ ಉಚ್ಚಾರಾಂಶಕ್ಕೆ ಸರಿಯುತ್ತದೆ: ಅˈಕ್ಯಾಡಮಿ ಎಂಬುದು ಅಕˈಡೆಮಿಕ್ ಆಗುತ್ತದೆ, ˈಎಜುಕೇಟ್ ಎಂಬುದು ಎಜುˈಕೇಷನ್ ಆಗುತ್ತದೆ. ˈಇಡಿಯಮ್‌ನಿಂದ ಬಂದ ಇಡಿಯˈಮ್ಯಾಟಿಕ್ ಸಹ ಇದೇ ಗುಂಪಿನದು. ˈಪಾಲಿಟಿಕ್ಸ್, ಅˈರಿತ್ಮೆಟಿಕ್ ಇದಕ್ಕೆ ಅಪವಾದ. ಎರಡು, ಆಘಾತವನ್ನು ತಾವೇ ಹೊರುವಂಥವು: ಎಂಜಿˈನಿಯರ್, ಜಾಪˈನೀಸ್. ಮೂರು, ಇದ್ದ ಆಘಾತವನ್ನು ಅಲುಗಿಸದೆ ಬಿಡುವಂಥವು: 'ನೆಸ್', 'ಲಿ', 'ಫುಲ್', 'ಲೆಸ್', 'ಇಂಗ್'. ಒಂದೇ ಕುಟುಂಬದ ˈಫೋಟಗ್ರಾಫ್, ಫˈಟಾಗ್ರಫಿ, ಫೋಟˈಗ್ರ್ಯಾಫಿಕ್ ಪದಗಳನ್ನು ಸಾಲಾಗಿ ಹೇಳಿದರೆ ಆಘಾತ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ನಡೆಯುವುದು ಕಿವಿಗೇ ತಿಳಿಯುತ್ತದೆ.

ಕೆಲವು ಜೋಡಿಗಳಲ್ಲಿ ನಾಮಪದ, ಕ್ರಿಯಾಪದಗಳನ್ನು ಬೇರ್ಪಡಿಸುವುದು ಆಘಾತವೇ. ˈರೆಕಾರ್ಡ್ ಎಂದರೆ ದಾಖಲೆ, ರಿˈಕಾರ್ಡ್ ಎಂದರೆ ದಾಖಲಿಸು. ˈಆಬ್ಜೆಕ್ಟ್ ಎಂದರೆ ವಸ್ತು, ಅಬ್ˈಜೆಕ್ಟ್ ಎಂದರೆ ಆಕ್ಷೇಪಿಸು. ˈಪ್ರೆಜೆಂಟ್ ಎಂದರೆ ಉಡುಗೊರೆ, ಪ್ರಿˈಜೆಂಟ್ ಎಂದರೆ ಮಂಡಿಸು. ಆದರೆ ರಿˈಪೋರ್ಟ್, ಕನ್ˈಟ್ರೋಲ್, ˈಆನ್ಸರ್ ಎರಡೂ ಪಾತ್ರಗಳಲ್ಲಿ ಹಾಗೆಯೇ ಉಳಿಯುತ್ತವೆ.

ಸಮಾಸಗಳಲ್ಲಿ ಸಾಮಾನ್ಯವಾಗಿ ಪೂರ್ವಪದ ಎದ್ದು ಕೇಳುತ್ತದೆ. ˈಬ್ಲ್ಯಾಕ್‌ಬೋರ್ಡ್ ಎಂದರೆ ತರಗತಿಯ ಕರಿಹಲಗೆ, ಬ್ಲ್ಯಾಕ್ ˈಬೋರ್ಡ್ ಎಂದರೆ ಕಪ್ಪಗಿರುವ ಯಾವುದೋ ಒಂದು ಹಲಗೆ. ˈಇಂಗ್ಲಿಷ್ ಟೀಚರ್ ಎಂದಾಗ ಇಂಗ್ಲಿಷ್ ಕಲಿಸುವವರು, ಇಂಗ್ಲಿಷ್ ˈಟೀಚರ್ ಎಂದಾಗ ಇಂಗ್ಲೆಂಡಿನವರಾದ ಶಿಕ್ಷಕರು. ನೇಮಕಾತಿಯನ್ನು ಬಯಸುವ ಅಭ್ಯರ್ಥಿ ತನ್ನ ಹುದ್ದೆಯ ಹೆಸರನ್ನು ಸರಿಯಾಗಿ ಹೇಳಲಿಕ್ಕೂ ಆಘಾತ ಗೊತ್ತಿರಬೇಕು.

ಶಬ್ದಸಂಪತ್ತು ಮತ್ತು ನುಡಿಗಟ್ಟು

ಎಷ್ಟು ಪದ ಕಲಿಯಬೇಕು ಎಂಬುದಕ್ಕಿಂತ ಯಾವ ಪದ ಮೊದಲು ಎಂಬುದು ಮುಖ್ಯವೆಂದು ತೋರಿಸಿದವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡಿ, ಬಂಗಾಳದ ಮಕ್ಕಳು ಇಂಗ್ಲಿಷ್ ಓದುವ ಬಗೆಯನ್ನು ಹತ್ತಿರದಿಂದ ಕಂಡವರು. 1953ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ ಸುಮಾರು 2,000 ಮೂಲಪದಗಳಿವೆ. ಉನ್ನತ ವ್ಯಾಸಂಗದ ಪದಗಳಿಗಾಗಿ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ಕುಟುಂಬವಾಗಿ ಕಲಿಯುವ ಈ ಪದ್ಧತಿ ಆಘಾತದ ಕಲಿಕೆಗೂ ಒದಗುತ್ತದೆ. ಇˈಕಾನಮಿ, ಈಕˈನಾಮಿಕ್ ಒಟ್ಟಿಗೆ ಕಲಿತವರಿಗೆ ಪ್ರತ್ಯಯದ ನಿಯಮವನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ.

ನುಡಿಗಟ್ಟಿನ ಅರ್ಥ ಅದರ ಬಿಡಿಪದಗಳಿಂದ ಹೊರಡುವುದಿಲ್ಲ. ಕನ್ನಡದ 'ಕಣ್ಣಿಗೆ ಮಣ್ಣೆರಚು' ಎಂಬುದರಲ್ಲಿ ಮಣ್ಣಿಲ್ಲ. 'ಎ ಪೀಸ್ ಆಫ್ ಕೇಕ್' ಎಂಬುದರಲ್ಲಿ ಕೇಕೂ ಇಲ್ಲ, ಅದು ನಮ್ಮ 'ನೀರು ಕುಡಿದಷ್ಟು ಸುಲಭ'. 'ಬರ್ನ್ ದ ಮಿಡ್‌ನೈಟ್ ಆಯಿಲ್' ಎಂದರೆ ರಾತ್ರಿ ಬಹಳ ಹೊತ್ತು ಎದ್ದು ಓದುವುದು ಅಥವಾ ದುಡಿಯುವುದು. 'ಪುಲ್ ಸಮ್‌ವನ್ಸ್ ಲೆಗ್' ಎಂಬುದು ಕೇವಲ ತಮಾಷೆ. ಕನ್ನಡದ 'ಕಾಲೆಳೆ' ಎಂಬುದಕ್ಕೆ ತಮಾಷೆಯ ಜೊತೆಗೆ ಏಳಿಗೆಗೆ ಅಡ್ಡಿಮಾಡುವ ಅರ್ಥವೂ ಇದೆ. ಮೇಲ್ನೋಟಕ್ಕೆ ಒಂದೇ ಎನಿಸುವ ಇಂಥ ಜೋಡಿಗಳಲ್ಲೇ ಅಭ್ಯರ್ಥಿ ಎಡವುವುದು ಹೆಚ್ಚು. ನುಡಿಗಟ್ಟಿಗೂ ತನ್ನದೇ ಲಯವಿದೆ. ಯಂತ್ರ ಕೆಟ್ಟು ನಿಲ್ಲುವುದನ್ನು ಹೇಳುವ ಕ್ರಿಯಾಪದ ಬ್ರೇಕ್ ˈಡೌನ್. ಅದೇ ನಾಮಪದವಾದಾಗ ˈಬ್ರೇಕ್‌ಡೌನ್. ಹೀಗೆ ಅರ್ಥ, ವ್ಯಾಕರಣ, ಆಘಾತ ಮೂರೂ ಒಂದೇ ಮಾತಿನೊಳಗೆ ಕೂಡುತ್ತವೆ.

ಕನ್ನಡಿಗರ ಉಚ್ಚಾರಣೆ

ಕನ್ನಡದಲ್ಲಿ ಅರ್ಥವನ್ನು ಬದಲಿಸುವುದು ಸ್ವರದ ಉದ್ದ ಮತ್ತು ವ್ಯಂಜನದ ದ್ವಿತ್ವ. ಬಳೆ ಬಾಳೆಯಾಗುವುದು, ಕತೆ ಕತ್ತೆಯಾಗುವುದು ಹೀಗೆ. ಆಘಾತ ಎಲ್ಲಿ ಬಿದ್ದರೂ ಕನ್ನಡ ಪದದ ಅರ್ಥ ಕೆಡುವುದಿಲ್ಲ. ಪ್ರತಿ ಅಕ್ಷರಕ್ಕೂ ಅದರ ಪೂರ್ಣ ಬೆಲೆ ಕೊಟ್ಟು ಉಚ್ಚರಿಸುವುದು ಕನ್ನಡದ ಸೊಗಸು. ಈ ಅಭ್ಯಾಸವನ್ನು ಇಂಗ್ಲಿಷಿಗೆ ಕೊಂಡೊಯ್ದಾಗ ಕುಗ್ಗಬೇಕಾದ ಸ್ವರಗಳು ಕುಗ್ಗುವುದಿಲ್ಲ, ಆಘಾತ ಹಲವು ಸಲ ಮೊದಲ ಉಚ್ಚಾರಾಂಶಕ್ಕೆ ಬರುತ್ತದೆ. ಹೊˈಟೆಲ್ ನಮ್ಮಲ್ಲಿ ಹೋಟೆಲ್ ಆಗಿದೆ. ಡಿˈವೆಲಪ್, ಕˈಮಿಟಿ, ಇˈವೆಂಟ್ ಪದಗಳೂ ಹಾಗೆಯೇ ಮೊದಲಕ್ಷರದ ಕಡೆಗೆ ವಾಲುತ್ತವೆ. ಕನ್ನಡ ಮಾತಾಡುವಾಗ 'ಹೋಟೆಲು' ಎನ್ನುವುದು ತಪ್ಪಲ್ಲ, ಅದು ಕನ್ನಡದ್ದೇ ಪದ. ಇಂಗ್ಲಿಷ್ ಪಾಠ ಹೇಳುವಾಗ ಮಾತ್ರ ಇಂಗ್ಲಿಷಿನ ನಡೆ ಬೇಕಾಗುತ್ತದೆ.

ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರ್. ಕೆ. ಬನ್ಸಲ್ ಅವರು, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಇರುವ ಮುಖ್ಯ ಕಾರಣಗಳಲ್ಲಿ ಪದಾಘಾತದ ಪಲ್ಲಟವನ್ನೂ ಗುರುತಿಸಿದರು. 1958ರಲ್ಲಿ ಆರಂಭವಾದ ಆ ಸಂಸ್ಥೆ ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ.

ಪರೀಕ್ಷೆ

ಶಿಕ್ಷಣ ಹಕ್ಕು ಕಾಯ್ದೆ 2009ರ ಅಡಿಯಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆ, 1ರಿಂದ 8ನೆಯ ತರಗತಿಯವರೆಗಿನ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ ಟಿಇಟಿ ಎಂದೇ ಹೆಸರಾದ ಈ ಪರೀಕ್ಷೆಯ ಪ್ರತಿ ಪತ್ರಿಕೆಯಲ್ಲೂ 150 ಪ್ರಶ್ನೆಗಳು, 150 ಅಂಕಗಳು. ಅವುಗಳಲ್ಲಿ ಎರಡನೆಯ ಭಾಷೆಗೆ 30. ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಸಾಮಾನ್ಯವಾಗಿ ಎರಡನೆಯ ಭಾಷೆಯಾಗಿ ಇಂಗ್ಲಿಷನ್ನು ಎದುರಿಸುತ್ತಾರೆ. ಅರ್ಹತೆ ಪಡೆದವರು ಮುಂದೆ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು.

ಆಘಾತದ ಪ್ರಶ್ನೆಗಳು ಬಹು ಆಯ್ಕೆಯ ರೂಪದಲ್ಲಿರುತ್ತವೆ. ಕೊಟ್ಟ ಪದದಲ್ಲಿ ಯಾವ ಉಚ್ಚಾರಾಂಶಕ್ಕೆ ಆಘಾತ ಎಂದು ಕೇಳುವುದು ಒಂದು ಬಗೆ. ಗುಂಪಿಗೆ ಸೇರದ ಪದವನ್ನು ಆರಿಸುವುದು ಇನ್ನೊಂದು: ಹೊಟೆಲ್, ಗಿಟಾರ್, ಪೊಲೀಸ್, ಮ್ಯಾನೇಜ್ ಎಂದು ಕೊಟ್ಟರೆ ಉತ್ತರ ಮ್ಯಾನೇಜ್; ಅದೊಂದಕ್ಕೇ ಆಘಾತ ಮೊದಲು. ಬ್ರಿಟಿಷ್ ಮತ್ತು ಅಮೆರಿಕನ್ ರೂಢಿ ಬೇರೆಯಾಗುವ ಪದಗಳಲ್ಲಿ ಎಚ್ಚರ ಬೇಕು. ಪ್ರಯೋಗಾಲಯಕ್ಕೆ ಬ್ರಿಟನ್ನಿನಲ್ಲಿ ಲˈಬಾರಟರಿ, ಅಮೆರಿಕದಲ್ಲಿ ˈಲ್ಯಾಬ್ರಟೋರಿ. ಭಾರತದ ಪಠ್ಯಗಳು ಸಾಮಾನ್ಯವಾಗಿ ಬ್ರಿಟಿಷ್ ರೂಢಿಯನ್ನು ಅನುಸರಿಸುತ್ತವೆ.

ಅಭ್ಯಾಸಕ್ರಮ

ಪದಪಟ್ಟಿಯನ್ನು ಕಣ್ಣಿನಿಂದ ಓದಿ ಮುಗಿಸುವುದರಿಂದ ಆಘಾತ ಬರುವುದಿಲ್ಲ. ನಿಘಂಟಿನ ಗೆರೆಯನ್ನು ನೋಡಿ, ಪದವನ್ನು ಉಚ್ಚಾರಾಂಶಗಳಾಗಿ ಒಡೆದು, ಆಘಾತದ ಜಾಗದಲ್ಲಿ ಮೇಜನ್ನು ಜೋರಾಗಿಯೂ ಉಳಿದೆಡೆ ಮೆಲ್ಲಗೂ ತಟ್ಟುತ್ತ ಹೇಳುವುದು ಸರಳ ವಿಧಾನ. ಗುರು–ಲಘು ಪ್ರಸ್ತಾರ ಹಾಕಿ ಕಲಿತ ಕನ್ನಡ ವಿದ್ಯಾರ್ಥಿಗೆ ಇದು ಹೊಸತಲ್ಲ. ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ನಿಘಂಟಿನ ಉಚ್ಚಾರಣೆಯೊಡನೆ ಹೋಲಿಸಬಹುದು. ಪ್ರತಿ ಹೊಸ ಪದದ ಜೊತೆಗೆ ಅದರ ಅರ್ಥ, ಆಘಾತ, ಕುಟುಂಬದ ಒಂದೆರಡು ಪದ ಮತ್ತು ಬರುವುದಾದರೆ ಒಂದು ನುಡಿಗಟ್ಟನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಂಡರೆ ಮೂರು ಪಾಠಗಳು ಒಂದಾಗುತ್ತವೆ. ಮರೆವಿನ ಗತಿಯನ್ನು 1885ರಲ್ಲಿ ಅಳೆದು ತೋರಿಸಿದ ಹರ್ಮನ್ ಎಬಿಂಗ್‌ಹೌಸ್ ಅವರ ಕಾಲದಿಂದಲೂ ತಿಳಿದಿರುವಂತೆ, ಒಂದೇ ದಿನದ ಉರುಹೊಡೆತಕ್ಕಿಂತ ದಿನ ಬಿಟ್ಟು ದಿನ ಮರುಕಳಿಸುವ ಅಭ್ಯಾಸ ಹೆಚ್ಚು ಬಾಳುತ್ತದೆ.

ಚರ್ಚೆ ಮತ್ತು ಮಹತ್ತ್ವ

ಇಂಗ್ಲಿಷನ್ನು ತಾಯ್ನುಡಿಯಾಗಿ ಆಡದವರು ತಮ್ಮತಮ್ಮೊಳಗೆ ಮಾತಾಡುವಾಗ ಪದಾಘಾತ ಅಷ್ಟು ನಿರ್ಣಾಯಕವಲ್ಲ, ವಾಕ್ಯದ ಮುಖ್ಯ ಪದಕ್ಕೆ ಬೀಳುವ ಆಘಾತ ಸಾಕು ಎಂದು ಜೆನಿಫರ್ ಜೆಂಕಿನ್ಸ್ 2000ದಲ್ಲಿ ವಾದಿಸಿದರು. ಆಘಾತವನ್ನು ತಪ್ಪಿದವರನ್ನು ಹೀಗಳೆಯಬಾರದು ಎಂಬ ಪಾಠ ಈ ವಾದದಲ್ಲಿದೆ. ಆದರೆ ಶಿಕ್ಷಕರ ಸ್ಥಿತಿ ಬೇರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಆರಂಭವಾಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಆ ಭಾಷೆಯ ಮೊದಲ ದನಿ ತರಗತಿಯ ಮೇಷ್ಟ್ರದು, ಇಲ್ಲವೆ ಟೀಚರಮ್ಮನದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಒಂದು ಅಂಕಕ್ಕಾಗಿ ಗುರುತಿಸಿದ ಆಘಾತ, ಮುಂದೆ ಆ ತರಗತಿಯ ಮಕ್ಕಳೆಲ್ಲರ ನಾಲಗೆಯ ಮೇಲೆ ಉಳಿಯುತ್ತದೆ.