ಸ್ನೋ ಆರಲಿ ಅಂತಿದ್ಲು ನಮ್ಮವ್ವ

ನಮ್ಮ ಬಿಳಿಚೋಡಿನ ಬಿಸ್ಲು ನಿಮಗೆಲ್ಲ ಗೊತ್ತೇ ಐತಲ್ಲ. ಜಾತ್ರೆ, ಮದುವೆ ಅಂದ್ರೆ ನಮ್ಮವ್ವ ಅಫ್ಘಾನ್ ಸ್ನೋ ಹಚ್ಚಿ, ಅದು ಆರಿದ ಮೇಲೇನೇ ಪೌಡರ್ ಒತ್ತೋಳು. 1919ರಲ್ಲಿ ಬೊಂಬಾಯಿಯ ಇ. ಎಸ್. ಪಟಾನ್‌ವಾಲಾ ಅವರು ತಂದ ಸ್ನೋ ಅದು. ಬಿಸ್ಲು ತಡೆಯೋಕಂತಲೇ ಫ್ರಾನ್ಸಿನಲ್ಲಿ ಆಂಬ್ರ್ ಸೊಲೇರ್ ಎಣ್ಣೆ ಬಂದದ್ದು 1930ರ ದಶಕದಲ್ಲಿ.

ಈಗ ನನ್ನ ಮಗಳ ಸನ್‌ಸ್ಕ್ರೀನ್ ರಬ್ಬರ್ ಉಜ್ಜಿದಂಗೆ ಎಳೆಎಳೆಯಾಗಿ ಉದುರ್ತಿತ್ತು. ಬೇಜಾರಾಗಿ ಹಚ್ಚೋದೇ ಬಿಟ್ಲು. ಹೊಲಕ್ಕೆ ಹೋಗಿ ಬಂದು ಕೆನ್ನೆ ಉರಿ ಅಂತ ಅತ್ಲು.

ಕೆಳಗಿನ ಕ್ರೀಮು ಆರೋ ಮುಂಚೆ ಮೇಲೊಂದು ಪದರ ಬಳಿದು ತಿಕ್ಕಿದ್ರೆ ಹಂಗೇ ಸುರುಳಿ ಏಳ್ತದೆ. ಕ್ರೀಮು ತೆಳ್ಳಗಿರಲಿ, ಐದು-ಹತ್ತು ನಿಮಿಷ ತಡಿ, ಆಮೇಲೆ ಸನ್‌ಸ್ಕ್ರೀನು ಒತ್ತಿ ಒತ್ತಿ ಹಚ್ಚು, ಅದನ್ನ ಮಾತ್ರ ಕಮ್ಮಿ ಮಾಡಬ್ಯಾಡ ಅಂದೆ. ಈಗ ಉದುರಲ್ಲ. ನಮ್ಮವ್ವ ಸ್ನೋ ಆರಲಿ ಅಂತ ಕಾಯ್ತಿದ್ದದ್ದೂ ಇದಕ್ಕೇ ಇರ್ಬೇಕು ಕಣ್ರೀ.